ಪುಟ್ಟಸ್ವಾಮಿ ಮಾವನ ಸಾಕ್ಷಿ

ಪುಲ್ಪಳ್ಳಿಯ ಟೈಲರ್ ಪುಟ್ಟಸ್ವಾಮಿ ಮಾವ ಕಣ್ಣಾರೆ ಕಾಣದ ಯಾವುದಕ್ಕೂ ಹೌದೆನ್ನುತ್ತಿರಲಿಲ್ಲ. ಬಸ್ಸು ಹೋಯಿತಾ ಮಾವ ಎಂದು ಕೇಳಿದರೆ, ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ, "ಸದ್ದು ಕೇಳುಸ್ತು ಕಣವ್ವ. ಬಸ್ಸ ನಾ ನೋಡ್ನಿಲ್ಲ" ಎನ್ನುವರು. ಬಸ್ಸಿಗೆ ಕಾಯುವವರಿಗೆ ಅದರಿಂದೇನು ಪ್ರಯೋಜನ! ಆದರೂ ಸಾಲದ ಪ್ರೋನೋಟಿಗೆ ಸಾಕ್ಷಿ ಬೇಕೆಂದರೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಲಯಾಳದಲ್ಲಿ ಬರೆದದ್ದನ್ನು ಎರಡು ಸಲ ಓದಿಸಿ ಕೇಳಿ, ಕೆಳಗೆ ಕನ್ನಡದಲ್ಲಿ, ತಂದೆಯ ಹೆಸರು, ಊರಿನ ಹೆಸರು ಸಮೇತ ರುಜು ಹಾಕುವರು.

ಅವರೂ ನನ್ನಪ್ಪನೂ ಹರೆಯದಲ್ಲಿ ಒಂದೇ ದೋಣಿಯಲ್ಲಿ ಕಬಿನಿ ದಾಟಿ, ಮಲಯಾಳ ಸೀಮೆಯ ಪೆರಿಕಲ್ಲೂರಿಗೆ ಇಳಿದು ಪುಲ್ಪಳ್ಳಿ ಸೇರಿದವರು. ಅಪ್ಪ ಚಹದಂಗಡಿ ಇಟ್ಟರು, ಮಾವ ಹೊಲಿಗೆ ಹಿಡಿದರು. ಅಂಗಡಿಯ ಸೂರು ಬದಲಿಸಲು ಅಪ್ಪ ಒಬ್ಬ ಕಾಳುಮೆಣಸಿನ ವ್ಯಾಪಾರಿಯಿಂದ ಸಾಲ ತಂದಾಗ ಸಾಕ್ಷಿ ಮಾವನೇ. ತೀರಿಸುವ ದಿನವೂ ಜೊತೆಗೆ ಬರುತ್ತೇನೆಂದಿದ್ದರು. ಅಂದು ಶಾಲೆ ಮಕ್ಕಳ ಯೂನಿಫಾರ್ಮಿನ ಹೊಲಿಗೆ ಮುಗಿದಿರಲಿಲ್ಲ. ಅಪ್ಪ ಒಬ್ಬರೇ ಹೋಗಿ ಹಣ ಕೊಟ್ಟರು. ಪ್ರೋನೋಟು ಮನೆಯಲ್ಲಿದೆ, ನಾಳೆ ಹರಿದುಹಾಕುತ್ತೇನೆ ಎಂದ ವ್ಯಾಪಾರಿಯ ಮಾತು ನಂಬಿ, ರಸೀದಿಯನ್ನೂ ಕೇಳದೆ ಬಂದರು. ಆತ ಹರಿಯಲಿಲ್ಲ. ಅದೇ ಪ್ರೋನೋಟು ಹಿಡಿದು ಕೋರ್ಟಿಗೆ ಹೋದ.

ಹಣ ಕೊಟ್ಟದ್ದನ್ನು ಕಂಡೆ ಎಂದು ಮಾವ ಹೇಳಿದರೆ ಅಂಗಡಿ ಉಳಿಯುತ್ತದೆ ಎಂದರು ನಮ್ಮ ವಕೀಲರು. ಅಪ್ಪ ನನ್ನನ್ನೂ ಕರೆದುಕೊಂಡು ಮಾವನ ಅಂಗಡಿಗೆ ಹೋದರು.

"ನಾ ಕೊಟ್ಟದ್ದು ಸುಳ್ಳಾ ಪುಟ್ಟ?"

"ನಾನಲ್ಲಿ ಇರ್ನಿಲ್ವಲ್ಲೋ ಮಾದಪ್ಪ."

"ಇದ್ದೆ ಅನ್ನು. ಒಂದೇ ಮಾತು."

ಮಾವ ಕತ್ತರಿ ಎತ್ತಿಕೊಂಡು ಬಟ್ಟೆ ಕತ್ತರಿಸತೊಡಗಿದರು.

ಕಟಕಟೆಯಲ್ಲಿ ನಿಂತು ಅವರು ಹೇಳಿದ್ದಿಷ್ಟೇ: "ಸಾಲ ತಗಂಡಿದ್ದ ಕಂಡೆ. ತೀರ್ಸಿದ್ದ ಕಾಣ್ನಿಲ್ಲ."

ಕೇಸು ಸೋತೆವು. ಅಂಗಡಿ ಹರಾಜಾಯಿತು. ಅಪ್ಪ ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದರು. ಮಾವನ ಅಂಗಡಿ ಹತ್ತಿರ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ನಾನಂತೂ ಮಾವನಿಗೆ ಹಿಡಿಶಾಪ ಹಾಕಿದ್ದೇನೆ. ಅವರ ಸತ್ಯಕ್ಕೆ ನಮ್ಮ ಅನ್ನ ಹೋಯಿತಲ್ಲ!

ಎಷ್ಟೋ ವರ್ಷಗಳ ಮೇಲೆ, ಮಗನ ಜ್ವರಕ್ಕೆಂದು ಮಾನಂದವಾಡಿ ಆಸ್ಪತ್ರೆಗೆ ಹೋದವಳು ವಾರ್ಡಿನಲ್ಲಿ ಮಾವನನ್ನು ಕಂಡೆ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ.

"ಬಾ ಮೋಳೆ" ಎಂದು ಮಲಯಾಳದಲ್ಲೇ ಮಗಳೆಂದು ಕರೆದು ನನ್ನ ಕೈ ಹಿಡಿದುಕೊಂಡರು. "ನಿಮ್ಮಪ್ಪ ದುಡ್ಡು ಕೊಟ್ಟವ್ನೆ. ನಂಗೆ ನಂಬ್ಕೆ ಅದೆ. ಕಂಡ್ಯಾ ಅಂತ ಕೇಳುದ್ರು, ನಂಬ್ತೀಯಾ ಅಂತ ಕೋರ್ಟಲ್ಲಿ ಯಾರೂ ಕೇಳ್ನಿಲ್ಲ. ಅವತ್ತು ನಾನು ಹೊಲ್ಗೆ ಬುಟ್ಟು ಎದ್ದೋಗ್ಬೇಕಿತ್ತು. ಅವ್ನಿಗೆ ಹೇಳವ್ವ."

ಹೇಳುತ್ತೇನೆಂದು ಬಂದವಳು ಹೇಳಲಿಲ್ಲ. ಈಗ ನಂಬಿ ಏನು ಬಂತು ಎಂಬ ಸಿಟ್ಟು ಇನ್ನೂ ಆರಿರಲಿಲ್ಲ. ಹತ್ತನೇ ದಿನ ಮಾವ ತೀರಿಕೊಂಡ ಸುದ್ದಿ ಬಂದಾಗ ಬಾಯಿಬಿಟ್ಟೆ.

ಅಪ್ಪ ನನ್ನ ಮುಖವನ್ನೇ ನೋಡಿದರು.

"ಹತ್ತು ದಿನ ಇಟ್ಕಂಡಿದ್ಯಾ ಇದ್ನ?" ಎಂದರು. "ಅವತ್ತೇ ಹೇಳಿದ್ರೆ ಹೋಗಿ ಅವ್ನ ಪಕ್ಕ ಕೂತಿರ್ತಿದ್ದೆ ಕಣವ್ವ."