ಹಿಂದಿನ ಸಾಲು

ವಕೀಲರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ನಶ್ಯ ಹಿಡಿದಂತೆ ಒತ್ತಿಕೊಂಡಿರುತ್ತಿದ್ದವು. ನಶ್ಯ ಅವರು ಮುಟ್ಟಿದವರಲ್ಲ. ಅಲ್ಲಿ ಇರುತ್ತಿದ್ದದ್ದು ನಾನು ಆಗತಾನೇ ಓದಿದ ಸಾಲು. ಮುಂದಿನ ಸಾಲು ಅದಕ್ಕೆ ಹೊಂದಿದರೆ ಬೆರಳು ಬಿಡಿಸಿ ಹೊಸದನ್ನು ಹಿಡಿಯುತ್ತಿದ್ದರು. ಹೊಂದದಿದ್ದರೆ ಹಿಡಿತ ಬಿಗಿಯಾಗುತ್ತಿತ್ತು. "ಹಿಂದಿನ ಸಾಲು?" ಎಂಬ ಗುಡುಗು ಆಮೇಲೆ.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಹೋಗಿದ್ದವು, ಕಕ್ಷಿದಾರರು ಮಾತ್ರ ಹೋಗಿರಲಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಫೈಲು ಓದಲು ಕರೆಸಿಕೊಂಡರು.

ಅನುಮಾನ ಅವರ ಮನೆದೇವರು. ಹಾಲಿನವನ ಚೊಂಬಿಗೆ ಬೆರಳು ಅದ್ದಿ ನೋಡುವರು. ಗಡಿಯಾರ ಹೊಡೆದರೆ, ಸರಿಯಾಗಿ ಹೊಡೆಯಿತೇ ಎಂದು ಹೆಂಡತಿಯನ್ನು ಕೇಳುವರು. ನಾನು ಮಧ್ಯಾಹ್ನ ಓದಿದ್ದನ್ನೆಲ್ಲ ಸಂಜೆ ಗುಮಾಸ್ತನಿಂದ ಮತ್ತೊಮ್ಮೆ ಓದಿಸುವರು. ಕಾಂಪೌಂಡಿನಾಚೆ ಹೂ ಕೀಳುತ್ತ ಅದನ್ನು ಕೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಕೇಳಿಯೇಬಿಟ್ಟೆ. "ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?"

"ನಿನ್ನ ಮ್ಯಾಲೆ ಐತಿ ತಂಗಿ. ನಿನ್ನ ಕಣ್ಣಿನ ಮ್ಯಾಲೆ ಇಲ್ಲ. ಕಣ್ಣು ಮುಂದ ಓಡತಾವು. ಮೋಸ ಮಾಡವ ಅದನ್ನ ನಂಬಿಕೊಂಡ ಬರೀತಾನ."

ಅದರ ಅರ್ಥ ತಿಳಿದದ್ದು ಹಚ್ಚೊಳ್ಳಿಯ ಒಬ್ಬ ವಿಧವೆಯ ಫೈಲು ಓದಿದಾಗ. ಅವಳ ಹೊಲವನ್ನು ಮೈದುನ ಕೊಳ್ಳುವವನಿದ್ದ. ಕರಾರುಪತ್ರ ಅವನೇ ಬರೆಸಿ ತಂದಿದ್ದ. ಹೆಬ್ಬೆಟ್ಟು ಒತ್ತುವ ಮುಂಚೆ ಒಮ್ಮೆ ವಕೀಲರ ಕಿವಿಗೆ ಹಾಕೋಣವೆಂದು ಅವಳು ಹಟ ಹಿಡಿದಿದ್ದಳಂತೆ. ಇಬ್ಬರೂ ಎದುರಿಗೇ ಕೂತಿದ್ದರು. ಓದುತ್ತ ಪುಟ ತಿರುಗಿಸಿದೆ. ವಕೀಲರ ಬೆರಳು ಬಿಗಿಯಾದವು.

"ಹಿಂದಿನ ಸಾಲು?"

"ಕಾಲುವೆ ನೀರು ಹಾಯುವ ಜಮೀನು..."

"ಈಗ ಓದಿದ್ದು?"

"ಸದರಿ ಖುಷ್ಕಿ ಜಮೀನಿನ ದರದಂತೆ..."

ಖುಷ್ಕಿ ಎಂದರೆ ನೀರು ಕಾಣದ, ಅಗ್ಗದ ಭೂಮಿ. ಪುಟ ತಿರುವುವಷ್ಟರಲ್ಲಿ ಕಾಲುವೆ ಬತ್ತಿಹೋಗಿತ್ತು! ನನ್ನ ಕಣ್ಣು ಎರಡನ್ನೂ ನೋಡಿತ್ತು, ಏನೂ ಅನ್ನಿಸಿರಲಿಲ್ಲ.

"ಕಾಲುವಿ ಎಲ್ಲಿ ಹೋತಲೇ?" ಎಂದರು ವಕೀಲರು ಮೈದುನನಿಗೆ. ಅವನು ಚಪ್ಪಲಿ ಹುಡುಕತೊಡಗಿದ. ಆ ಹೆಂಗಸು ಸೆರಗು ಬಾಯಿಗಿಟ್ಟು ಅತ್ತಳು. ಅಂದು ಸಂಜೆ ಗುಮಾಸ್ತ ಅದನ್ನೇ ಮತ್ತೆ ಓದುವಾಗ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ಆಸ್ಪತ್ರೆ ಸೇರಿದರು. ಡಾಕ್ಟರರ ಕಾಗದ ಬಂದ ದಿನ, ಓದಲು ನನ್ನನ್ನೇ ಕರೆಸಿದರು. ನಡುವೆ ಒಂದು ಸಾಲಿತ್ತು, ಇನ್ನು ಮಾಡುವುದೇನೂ ಉಳಿದಿಲ್ಲ ಎಂಬ ಸಾಲು. ಅದನ್ನು ಹಾರಿಸಿ, ಕೆಳಗಿದ್ದ ಔಷಧಿಗಳ ಹೆಸರು ಓದಿದೆ.

ಅವರ ಬೆರಳು ಬಿಗಿಯಾದವು. ಗುಡುಗಿಗೆ ಕಾದೆ. ಬರಲಿಲ್ಲ. ಮಂಚದ ಪಕ್ಕ ನಿಂತಿದ್ದ ಗುಮಾಸ್ತ ಅಭ್ಯಾಸದಂತೆ ಕಾಗದಕ್ಕೆ ಕೈ ಚಾಚಿದ.

"ನೀ ಓದಬ್ಯಾಡಲೇ," ಎಂದರು. "ತಂಗಿ ಓದ್ಯಾಳ, ಸಾಕು."

ಆ ವಾರವೇ ಹೋಗಿಬಿಟ್ಟರು. ಈಗ ನಾನು ಬ್ಯಾಂಕಿನ ಕಾಗದವಿರಲಿ, ಮದುವೆಯ ಕರೆಯೋಲೆಯಿರಲಿ, ಹಿಂದಿನ ಸಾಲಿಗೆ ಹೋಗಿಬರದೆ ಮುಂದೆ ಓದಲಾರೆ. ಅವರು ಹಚ್ಚಿಹೋದ ಚಟ ಅದು. ಅಷ್ಟು ವರ್ಷ ಬಯಸಿದ್ದ ನಂಬಿಕೆ, ನಾನು ಸಾಲು ಕದ್ದ ದಿನವೇ ಸಿಕ್ಕಿತು. ಅದು ನಂಬಿಕೆಯೇ ಹೌದೇ ಎಂಬ ಅನುಮಾನವೂ ನನ್ನನ್ನು ಬಿಟ್ಟಿಲ್ಲ. ಅಂದು ನಾನು ಎದ್ದು ಹೊರಟಾಗಲೂ ಅವರ ಎರಡು ಬೆರಳು ಹಾಗೆಯೇ ಒತ್ತಿಕೊಂಡಿದ್ದವು, ಬಿಡಿಸಿರಲಿಲ್ಲ.