ಬಿಸಿಲಿಗೆ ಹಾಕದ ಕಂಬಳಿ

ಹಾಲವ್ವ, ನಮ್ಮ ಅವ್ವನಿಗೆ ಪ್ಲೇಗು ತಂದವಳು ನೀನಲ್ಲ. ನಾನು. ನಿನ್ನ ಗಂಡನ ಅಣ್ಣ, ಮನೆಗೆ ಹಿರಿಯ, ಚನ್ನಗಿರಿಯಲ್ಲಿ ಕಂಬಳಿ ನೇಯುವವನು. ಇಷ್ಟು ವರ್ಷ ಇದನ್ನು ಬಲ್ಲವನು ನಾನೊಬ್ಬನೇ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು, ಅಕ್ಷರ ನೆಟ್ಟಗಿಲ್ಲ. ಆದರೂ ಇದನ್ನು ಇನ್ನೊಬ್ಬರಿಗೆ ಹೇಳಿ ಬರೆಸುವಂತಿರಲಿಲ್ಲ —

ನೀನು ಮದುವೆಯಾಗಿ ಬಂದ ವರ್ಷವೇ ಊರಲ್ಲಿ ಇಲಿ ಸತ್ತು ಬಿದ್ದವು. ಊರು ಬಿಡಬೇಕೆಂದು ಡಂಗುರ ಸಾರಿದರು. ಮನೆಗಳಿಗೆ ಬೀಗ ಹಾಕಿ ನಾವೆಲ್ಲ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡೆವು. ಊರಬಾಗಿಲಿಗೆ ಕಾವಲು. ಒಳಗೆ ಕಾಲಿಡುವ ಹಾಗಿಲ್ಲ, ನೆಂಟರು ಬರುವ ಹಾಗಿಲ್ಲ, ಸಂತೆಯೂ ಇಲ್ಲ. ಸೂಜಿ ಚುಚ್ಚಲು ಬಂದ ಡಾಕ್ಟರು ಹೇಳಿ ಹೋದರು: ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯರಿಗೆ ಹತ್ತುತ್ತದೆ, ಹಾಸಿಗೆ ಹೊದಿಕೆ ದಿನಾ ಬಿಸಿಲಿಗೆ ಹಾಕಿ ಎಂದು. ಎಲ್ಲರೂ ತಲೆಯಾಡಿಸಿದರು. ಮರೆಯದೆ ನಡೆಸಿದವಳು ನೀನು. ಹೊತ್ತು ಏರುವಷ್ಟರಲ್ಲಿ ನಮ್ಮ ಕೌದಿಗಳೆಲ್ಲ ಬೇಲಿಯ ಮೇಲಿರುತ್ತಿದ್ದವು. ಅವ್ವ ಮಾತ್ರ ಸೂಜಿಗೆ ಹೆದರಿ ಚುಚ್ಚಿಸಿಕೊಳ್ಳಲಿಲ್ಲ.

ನನಗೆ ಆ ಬದುಕು ಹಿಡಿಸಲಿಲ್ಲ. ಗಂಡಸರು ಹಗಲೆಲ್ಲ ಬೇವಿನ ಮರದ ಕೆಳಗೆ ಚೌಕಾಬಾರ ಆಡುತ್ತಿದ್ದರು. ನನ್ನ ಮಗ್ಗ ಕಿತ್ತು ತರುವಂಥದಲ್ಲ, ಮನೆಯ ನೆಲದಲ್ಲಿ ಗುಂಡಿ ತೋಡಿ ಹೂಡಿದ್ದು. ಅದರ ಮೇಲೆ ಕಂಬಳಿಯೊಂದು ಅರ್ಧಕ್ಕೇ ನಿಂತಿತ್ತು. ಪಕ್ಕದ ಗುಡಿಸಲಿನ ಕರಿಯಪ್ಪ ಒಂದು ಮಧ್ಯಾಹ್ನ ಕೆಣಕಿದ: “ಏನಪಾ, ನನ್ನಂಗೆ ದುಡಿಯೋನು ಯಾವನೈದಾನೆ ಅಂತಿದ್ದೆ. ಈಗ ನೀನೂ ನಮ್ಮಂಗೆ ಕುಂತು ಉಣ್ಣಾಕೆ ಕಲ್ತ್ಯಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಸೌದೆಗೆಂದು ಹೇಳಿ ಹೊರಟವನು ಕೆರೆಯ ಕಡೆಯಿಂದ ಹಿತ್ತಿಲು ಹೊಕ್ಕು ಮನೆ ಸೇರಿದೆ. ನೂಲಿಗೆ ಬಳಿದಿದ್ದ ಹುಣಸೆ ಬೀಜದ ಗಂಜಿಯನ್ನು ಇಲಿಗಳು ಅಲ್ಲಲ್ಲಿ ಕೆರೆದು ತಿಂದಿದ್ದವು. ಗುಂಡಿಗೆ ಕಾಲು ಇಳಿಬಿಟ್ಟೆ. ಮೆತ್ತಗೆ ಏನೋ ತಾಗಿತು. ಸತ್ತ ಇಲಿ. ಆಗಲೇ ಎದ್ದು ಬರಬೇಕಿತ್ತು — ಕಡ್ಡಿಯಲ್ಲಿ ಎತ್ತಿ ಹಿತ್ತಿಲಿಗೆ ಎಸೆದೆ, ಲಾಳಿ ಹಿಡಿದು ನೇಯತೊಡಗಿದೆ. ಸೂಜಿ ಚುಚ್ಚಿಸಿಕೊಂಡಿದ್ದೇನೆ, ನನಗೇನಾಗುತ್ತದೆ ಎಂದುಕೊಂಡೆ. ನಿಜ, ನನಗೇನೂ ಆಗಲಿಲ್ಲ.

ಹಾಗೇ ಕದ್ದು ಹೋಗಿ ಬಂದು ನೇಯ್ದು ಮುಗಿಸಿದೆ. ಸೌದೆ ಹೊರೆಯೊಳಗೆ ಮುಚ್ಚಿ ತಂದೆ. ಮಾಗಿಯ ಚಳಿ, ಅವ್ವ ನಡುಗುತ್ತಿದ್ದಳು. ಹೊದಿಸಿದೆ. ಅವಳು ಅಂಚನ್ನು ಬೆರಳಲ್ಲಿ ಸವರಿ, “ಇದನ್ನ ಯಾವಾಗ ನೇಯ್ದೆಯೋ?” ಅಂದಳು.

“ಹಳೇದವ್ವ, ಗಂಟಿನಾಗಿತ್ತು.”

ಬೆಳಿಗ್ಗೆ ನೀನು ತಡಿಕೆಯ ಆಚೆ ಸೆರಗು ಎಳೆದುಕೊಂಡು ನಿಂತೆ. ಭಾವನೊಂದಿಗೆ ಮಾತಾಡದವಳು ಅಂದು ಮಾತಾಡಿದೆ: “ಭಾವ, ಅತ್ತೇರ ಕಂಬಳೀನೂ ಬಿಸಿಲಿಗೆ ಹಾಕ್ತೀನ್ರಿ.”

ಹೊಸ ಕಂಬಳಿ ಬೇಲಿಯ ಮೇಲೆ ಬಿದ್ದರೆ ಕರಿಯಪ್ಪ ನೋಡುತ್ತಾನೆ, ಎಲ್ಲಿಂದ ಬಂತು ಅನ್ನುತ್ತಾನೆ, ಕಾವಲಿನವರ ಕಿವಿಗೆ ಬೀಳುತ್ತದೆ —

“ಅದೊಂದು ಬಿಡವ್ವ, ಒಳಗೇ ಇರ್ಲಿ,” ಅಂದೆ.

ನೀನು ಉಳಿದ ಕೌದಿಗಳನ್ನು ಹೊತ್ತು ಬೇಲಿಯ ಕಡೆ ಹೋದೆ.

ಆಮೇಲೆ ಅವ್ವನಿಗೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಹತ್ತಿರ ಹೋಗಲು ಎಲ್ಲರೂ ಅಂಜಿದಾಗ ನೀರು ಕುಡಿಸಿದವಳು ನೀನು. ಅವ್ವ ಹೋದಳು. ಕಂಬಳಿಯನ್ನೂ ಅವಳ ಜೊತೆಗೇ ಮಣ್ಣು ಮಾಡಿದೆ. ಎಂಥ ಮಗ, ಅಂದರು ಜನ.

ಊರು ಬಿಡುವ ಮುಂಚೆ ನೀನು ನ್ಯಾಮತಿಗೆ, ತವರಿಗೆ ಹೋಗಿ ಬಂದಿದ್ದೆ. ಅಷ್ಟೇ ಸಾಕಾಯಿತು. ನಮ್ಮ ದೊಡ್ಡವ್ವ ಶುರುಮಾಡಿದಳು: “ಪ್ಲೇಗ್ನ ತವರಿಂದ ಕಾಲಾಗೆ ಕಟ್ಕಂಡು ಬಂದ್ಲು. ಬಂದು ವರ್ಷ ತುಂಬಿಲ್ಲ, ಅತ್ತೇನ ನುಂಗಿದ್ಲು.” ಮಾತು ಗುಡಿಸಲಿಂದ ಗುಡಿಸಲಿಗೆ ಹೋಯಿತು. ತಮ್ಮ ಬೀರಪ್ಪ ನನ್ನ ಮುಖ ನೋಡಿದ. “ನೀನು ಹೆಂಗಂದ್ರೆ ಹಂಗೆ ಅಣ್ಣ.” ನಿನ್ನನ್ನು ಬಿಡುವ ಮನಸ್ಸು ಅವನಿಗಿರಲಿಲ್ಲ, ಹಾಲವ್ವ. ನಾನು ಒಂದು ಮಾತು ಆಡಿದ್ದರೆ —

“ತವರಿಗೆ ಬಿಟ್ಟು ಬಾ,” ಅಂದೆ.

ಬೀರಪ್ಪ ಮತ್ತೊಂದು ಮದುವೆಯಾದ. ನೀನು ತವರಿನಲ್ಲಿ, ನಿನ್ನ ಅಣ್ಣನ ಮನೆಯಲ್ಲಿ ಉಳಿದೆ. ನಾನು ಮೊದಲಿಗಿಂತ ಹೆಚ್ಚು ನೇಯ್ದೆ. ದುಡಿಮೆಗಾರ ಎಂದು ಊರು ಹೊಗಳಿತು.

ಹೋದ ವರ್ಷ ಹೊನ್ನಾಳಿ ಸಂತೆಯಲ್ಲಿ ಕಂಬಳಿ ಹರವಿ ಕೂತಿದ್ದಾಗ ನಿನ್ನನ್ನು ಕಂಡೆ. ನೀನು ಸೆರಗು ಎಳೆದು ಪಕ್ಕಕ್ಕೆ ಸರಿದೆ. ನಿನಗೆ ಈಗಲೂ ನಾನು ಭಾವನೇ. “ಎಲ್ಲಾರೂ ಚೆನ್ನಾಗೈದಾರೇನ್ರಿ?” ಎಂದು ನೀನೇ ಕೇಳಿದೆ. ಹೊರಡುವ ಮುಂಚೆ ನೀನು ಅಂದೆ: “ಅತ್ತೇರನ್ನ ನಾನೇ ತಿಂದೆ ಅಂತಾರೆ. ಈಗೀಗ ನಂಗೂ ಹಂಗೇ ಅನ್ನಿಸ್ತೈತ್ರಿ ಭಾವ.”

ನಾನು ಕಂಬಳಿ ಮಡಿಸುತ್ತಾ ಕೂತೆ. ಅವತ್ತೂ ಹೇಳಲಿಲ್ಲ.

ಈ ಅಮಾವಾಸ್ಯೆ ಕಳೆದ ಮೇಲೆ ದೊಡ್ಡವ್ವನನ್ನೂ ಬೀರಪ್ಪನನ್ನೂ ಕರೆದುಕೊಂಡು ನ್ಯಾಮತಿಗೆ ಬರುತ್ತೇನೆ. ನಿಮ್ಮವರ ಎದುರಿಗೆ ಈ ಕಾಗದವನ್ನು ನಾನೇ ಓದುತ್ತೇನೆ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲಿ ನಿಂತು, ಬೀದಿಗೆ ಕೇಳುವ ಹಾಗೆ ಓದುತ್ತೇನೆ. ಕ್ಷಮಿಸು ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಅದನ್ನು ಕೇಳುವುದಕ್ಕೆ ನಾನು ಬರುತ್ತಿಲ್ಲ.

ನೀನು ಬಿಸಿಲಿಗೆ ಹಾಕುತ್ತೇನೆ ಅಂದೆ. ಬೇಡ ಅಂದವನು ನಾನು.