ಕಮಿಲ್ಲಸ್ ಅಂಕಲ್ ಕಂಡ ಉಪಗ್ರಹ

ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಬಸ್ ಓಡಿಸುವ ಕಮಿಲ್ಲಸ್ ಅಂಕಲ್ ಬಾಯಲ್ಲಿ ನಾನು ಆ ಉಪಗ್ರಹದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತುಮಕೂರಿನಿಂದ ಓದಲು ಬಂದವಳು ಅವರ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಸೇರಿದ ದಿನವೇ, ಬ್ಯಾಗು ಕೆಳಗಿಡಲೂ ಬಿಡದೆ ಶುರು ಮಾಡಿದ್ದರು. ಸಿಕ್ಕಿಬಿದ್ದೆ ಕಣೇ ಅಪೂರ್ವ, ಎಂದುಕೊಂಡೆ. ಆಮೇಲೆ ಕೆಲಸ ಸಿಕ್ಕಿತು, ಇಲ್ಲೇ ನೆಲೆಸಲು ಪಿಆರ್ ಬಂತು, ಆದರೂ ನಾನು ಆ ಕೋಣೆ ಬಿಡಲಿಲ್ಲ. ಪರದೇಶದಲ್ಲಿ ಜ್ವರ ಬಂದು ಮಲಗಿದಾಗ ಗಂಜಿ ಕಾಯಿಸಿ ಕೊಟ್ಟ ಮನೆ ಅದು. ಅಂಥ ಮನೆ ಸಿಕ್ಕಿದ್ದು ನನ್ನ ಪುಣ್ಯ.

ಕಥೆ ಇಷ್ಟು. 1996ರ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಇಟಲಿಯವರ ಒಂದು ಉಪಗ್ರಹವನ್ನು ಹೊತ್ತು ಮೇಲೆ ಹೋಯಿತು. ಒಳಗೆ ತಾಮ್ರದ ತಂತಿಯಿದ್ದ, ಷೂ ಲೇಸಿನಷ್ಟು ಸಪೂರ ಹಗ್ಗದ ತುದಿಗೆ ಅದನ್ನು ಕಟ್ಟಿ ಇಪ್ಪತ್ತು ಕಿಲೋಮೀಟರ್ ದೂರ ಬಿಡಬೇಕು, ಹಗ್ಗದಲ್ಲಿ ವಿದ್ಯುತ್ ಹುಟ್ಟುವುದನ್ನು ನೋಡಬೇಕು. ಇನ್ನೇನು ಪೂರ್ತಿ ಬಿಟ್ಟಾಯಿತು ಅನ್ನುವಾಗ ಹಗ್ಗದಲ್ಲಿ ಕಿಡಿ ಹಾರಿತು, ಸುಟ್ಟು ಕಡಿದೇಹೋಯಿತು. ಉಪಗ್ರಹ ಬಾಲ ಎಳೆದುಕೊಂಡು ದೂರ ಸರಿಯಿತು. ಕೆಲವು ದಿನ ಕಳೆದು ಒಂದು ಮುಸ್ಸಂಜೆ, ಮಂಗಳೂರಿನ ತಣ್ಣೀರುಬಾವಿಯ ಕಡಲತೀರದಲ್ಲಿ ಎಂಟು ವರ್ಷದ ಮಗಳು ವೆನಿಟಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ ಅಂಕಲ್‌ಗೆ ಆಕಾಶದಲ್ಲಿ ಸಾಗುವ ಬಿಳಿ ಗೀಟೊಂದು ಕಂಡಿತು. ಅದು ಅದೇ ಎಂದು ಮಾರನೆಯ ವಾರ ಪೇಪರು ಓದಿ ಗೊತ್ತಾಯಿತಂತೆ.

"ಹಗ್ಗ ಕಡಿದದ್ದು ಹೌದು ಮಾರಾಯ್ತಿ. ಹಾಗಂತ ಅದು ಸತ್ತಿತಾ? ಇಲ್ಲ. ಬ್ಯಾಟರಿ ಇರುವಷ್ಟು ದಿನ ಕೆಳಗಿನವರ ಹತ್ರ ಮಾತಾಡ್ತಾ ಇತ್ತು. ನೌಕೆಯಲ್ಲಿ ಇದ್ದವರು ಅಳ್ತಾ ಕೂತ್ರಾ? ಅದೂ ಇಲ್ಲ. ತೂಕವೇ ಇಲ್ಲದ ಜಾಗದಲ್ಲಿ ಲೋಹ ಕರಗಿಸಿ, ಹರಳು ಬೆಳೆಸಿ, ಉಳಿದ ಕೆಲಸ ಎಲ್ಲ ಮುಗಿಸಿಯೇ ಬಂದದ್ದು," ಎಂದು ಅಂಕಲ್ ಕಥೆ ಮುಗಿಸುತ್ತಿದ್ದರು.

ಮರುವರ್ಷ ವೆನಿಟಾಳಿಗೆ ಸಕ್ಕರೆ ಕಾಯಿಲೆ ಬಂತು. ಮಕ್ಕಳಿಗೆ ಬರುವ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದ ಬಗೆಯದು. ಅವಳ ಅಮ್ಮ ವೆರೋನಿಕಾ ಆಂಟಿ ನರ್ಸ್. ಮೊದಲ ಸೂಜಿಯನ್ನು ಅವರೇ ಚುಚ್ಚಿದ್ದರು. ಅವರಿಗೆ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದಲೇ ಸಂಸಾರ ಸಿಡ್ನಿಗೆ ಬಂದದ್ದು. ಅಂಥ ಮಗಳು 2006ರಲ್ಲಿ ಹರಳುಗಳ ವಿಜ್ಞಾನ ಓದಲು ಮೆಲ್ಬರ್ನ್‌ಗೆ ಹೋಗುತ್ತೇನೆ ಎಂದಾಗ ಮನೆ ರಣರಂಗವಾಯಿತು.

"ಸಿಡ್ನಿಯಲ್ಲಿ ಯೂನಿವರ್ಸಿಟಿಗೆ ಬರಗಾಲವಾ?" ಎಂದು ಆಂಟಿ ಪಾತ್ರೆ ಕುಕ್ಕಿದರು. ಅಂಕಲ್ ಮಗಳ ಪರ ನಿಂತು, ಹಗ್ಗ ಕಡಿದ ಉಪಗ್ರಹದ ಕಥೆಯನ್ನು ಹೊತ್ತು ಗೊತ್ತಿಲ್ಲದೆ ಹೇಳಿ ಹೇಳಿ ಅವರ ತಲೆ ತಿಂದರು. ಕೊನೆಗೆ ಆಂಟಿ ಸೋತರು, ಆದರೆ ಒಂದು ಷರತ್ತು ಹಾಕಿ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸಂಜೆ ಜಪಸರ ಹಿಡಿದು ಪ್ರಾರ್ಥನೆ ಮುಗಿಸಿದ ಮೇಲೆ ಮಕ್ಕಳು ಹಿರಿಯರ ಮುಂದೆ ನಿಂತು ಬೆಸಾಂವ್ ಕೇಳುತ್ತಾರೆ, ಅಂದರೆ ಆಶೀರ್ವಾದ. ವೆನಿಟಾ ಅದನ್ನು ದಿನವೂ ಫೋನಿನಲ್ಲಿ ಕೇಳಬೇಕು. ಪ್ರಾರ್ಥನೆ ಮುಗಿಯುವ ತನಕ ಮಾತ್ರ ಯಾರ ಫೋನೂ ಬರಕೂಡದು. ಆಂಟಿ ರಿಸೀವರ್ ಎತ್ತಿ ಪಕ್ಕಕ್ಕಿಡುತ್ತಿದ್ದರು. ಅದು ಅವರ ಕಾನೂನು.

ಮರುವರ್ಷದ ಮೇ ತಿಂಗಳು. ಮೇ ಎಂದರೆ ಮಾತೆ ಮರಿಯಳ ತಿಂಗಳು, ಪ್ರಾರ್ಥನೆ ಮಾಮೂಲಿಗಿಂತ ಉದ್ದ. ಆ ಸಂಜೆ ನಾನು ಹಿಂದಿನ ಕೋಣೆಯಲ್ಲಿ ಅನ್ನಕ್ಕಿಡುತ್ತಿದ್ದೆ. ನನ್ನ ಮೊಬೈಲಿಗೆ ವೆನಿಟಾಳ ಕರೆ ಬಂತು. ಮಾತು ತೊದಲುತ್ತಿತ್ತು.

"ಅಕ್ಕಾ... ಹೋಮ್ ಫೋನ್ ಎಂಗೇಜ್ಡ್... ಐ ಕಾಂಟ್ ಗೆಟ್ ಅಪ್."

ಅವಳಿಗೆ ಲ್ಯಾಬ್ ಕೆಲಸ ತಡವಾಗಿತ್ತು ಎಂದು ಆಮೇಲೆ ತಿಳಿಯಿತು. ಮನೆಗೆ ಬಂದು ಇನ್ಸುಲಿನ್ ತೆಗೆದುಕೊಂಡವಳು ಊಟ ಮಾಡದೆ ಹಾಗೇ ಒರಗಿ ಕಣ್ಣು ಮುಚ್ಚಿದ್ದಳು, ರಕ್ತದ ಸಕ್ಕರೆ ಕುಸಿದುಹೋಗಿತ್ತು. ರೂಮ್‌ಮೇಟ್ ಊರಲ್ಲಿರಲಿಲ್ಲ. ನಾನು ಬರಿಗಾಲಲ್ಲಿ ಅಂಗಳ ದಾಟಿ ಒಳಗೆ ನುಗ್ಗಿದೆ. ಆಂಟಿ ಮೊಣಕಾಲೂರಿ ಕೂತು, ಮೆಲ್ಬರ್ನ್‌ನಲ್ಲಿರುವ ಮಗಳನ್ನು ಕಾಪಾಡು ತಾಯಿ ಎಂದು ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳುತ್ತಿದ್ದರು. ಮಗಳು ಕರೆದರೂ ಕೇಳದ ಹಾಗೆ ರಿಸೀವರ್ ಪಕ್ಕದಲ್ಲೇ ಬಿದ್ದಿತ್ತು. ನನಗೆ ದೇವರ ಮೇಲೇ ಸಿಟ್ಟು ಬಂತು.

ಮೊಬೈಲನ್ನು ಅಂಕಲ್ ಕೈಗೆ ತುರುಕಿ, ಮನೆಯ ಫೋನಿನಿಂದ ಆಂಬುಲೆನ್ಸ್‌ಗೆ ಡಯಲ್ ಮಾಡಿದೆ. ಯಾವ ಊರು, ಯಾವ ಬೀದಿ ಎಂದು ಅವರು ಕೇಳಿದಾಗ ಆಂಟಿ ಕೂತಲ್ಲಿಂದಲೇ, ಅದುವರೆಗೆ ಪ್ರಾರ್ಥನೆ ಹೇಳುತ್ತಿದ್ದ ರಾಗದಲ್ಲೇ ಮಗಳ ವಿಳಾಸ ಹೇಳಿದರು.

ಅಂಕಲ್ ಮಾತ್ರ ಕೊಂಕಣಿಯಲ್ಲಿ ಏನೇನೋ ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ನನಗೂ ಆ ಭಾಷೆ ಅರ್ಥವಾಗುತ್ತಿತ್ತು. ಕೇಳಿದರೆ ಅದೇ ಕಥೆ! ಅದೂ ತಪ್ಪು ತಪ್ಪಾಗಿ.

"ಹಗ್ಗ ಎರಡೇ ಕಿಲೋಮೀಟರ್ ಇದ್ದದ್ದಲ್ವಾ ಮಗಳೇ?"

ಆ ಕಡೆಯಿಂದ ಬಹಳ ಹೊತ್ತಿನ ಮೇಲೆ, "ಟ್ವೆಂಟಿ, ಪಪ್ಪಾ."

"ಸುಳ್ಳು. ಎರಡೇ. ನೌಕೆಯವರೇ ಕತ್ತರಿ ಹಾಕಿದ್ದು."

"ನೋ... ಸ್ಪಾರ್ಕ್... ಬರ್ನ್ ಆಯ್ತು."

"ಅದೆಲ್ಲ ಆಮೇಲೆ. ತೆವಳಿಕೊಂಡಾದ್ರೂ ಸರಿ, ಮೊದಲು ಫ್ರಿಜ್ ಬಾಗಿಲು ತೆಗಿ. ಜ್ಯೂಸ್ ಬಾಟ್ಲಿ ಉಂಟಲ್ಲ, ಒಂದು ಗುಟುಕು ಕುಡಿ, ಮತ್ತೆ ನನ್ನ ಹತ್ರ ಜಗಳ ಮಾಡು."

ಅಪ್ಪನ ತಪ್ಪು ತಿದ್ದುವ ಹಟಕ್ಕೆ ಅವಳು ಎಚ್ಚರವಾಗಿದ್ದಳು. ಗುಟುಕಿಗೊಂದು ಜಗಳ. ಆಮೇಲೆ ಫೋನಿನಲ್ಲಿ ಯಾರೋ ಬಾಗಿಲು ತೆಗೆದ ಸದ್ದು, ಗಂಡಸಿನ ದನಿ, ಶೀ ವಿಲ್ ಬಿ ಆಲ್‌ರೈಟ್. ಅಂಕಲ್ ಮೊಬೈಲನ್ನು ಆಂಟಿಯ ಕೈಗಿತ್ತು ನೆಲದ ಮೇಲೆ ಕೂತರು.

ಮರುದಿನ ನಾವು ಮೂವರೂ ಮೆಲ್ಬರ್ನ್‌ಗೆ ಹಾರಿದೆವು. ಆಂಟಿ ಮನೆಯಲ್ಲಿದ್ದ ಅತಿ ದೊಡ್ಡ ಸೂಟ್‌ಕೇಸನ್ನು ಖಾಲಿಯಾಗಿ ತಂದಿದ್ದರು. ಮಗಳನ್ನು ಸಾಮಾನು ಸಮೇತ ವಾಪಸ್ ಕರೆತರುವುದು ಅವರ ತೀರ್ಮಾನ. ಅವರು ಮಾಡುತ್ತಿರುವುದೇ ಸರಿ ಎಂದು ನನಗೂ ಅನಿಸಿತ್ತು. ಅಂಕಲ್ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು.

"ಅವಳನ್ನು ಕಳಿಸುವ ಅಂದವ ನಾನು ಅಲ್ವಾ."

ವೆನಿಟಾ ಆಗಲೇ ಚೇತರಿಸಿಕೊಂಡು ತನ್ನ ರೂಮಿನಲ್ಲಿದ್ದಳು. ಅಮ್ಮ ತನ್ನ ಬಟ್ಟೆಗಳನ್ನು ಮಡಚಿ ಸೂಟ್‌ಕೇಸಿಗೆ ಹಾಕುವುದನ್ನು ನೋಡುತ್ತಾ ನಿಂತಿದ್ದಳು. ಕೊನೆಗೆ, "ಮಮ್ಮಾ, ಒಂದ್ಸಲ ಲ್ಯಾಬ್‌ಗೆ ಬಾ. ಪ್ಲೀಸ್," ಎಂದಳು.

ಅಲ್ಲಿ ಅಮ್ಮನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಆಂಟಿ ಕಣ್ಣಿಟ್ಟವರು ಅಲ್ಲಾಡಲಿಲ್ಲ. ನನಗೂ ಆಮೇಲೆ ತೋರಿಸಿದಳು. ಒಂದು ಹನಿಯೊಳಗೆ ಕಲ್ಲುಸಕ್ಕರೆಯ ಚೂರುಗಳ ಹಾಗೆ ಹೊಳೆಯುವ ಪುಟ್ಟ ಪುಟ್ಟ ಹರಳುಗಳು.

"ಇದು ಇನ್ಸುಲಿನ್, ಮಮ್ಮಾ. ನಾನೇ ಬೆಳೆಸಿದ್ದು. ಸ್ಪೇಸ್‌ನಲ್ಲಿ ಬೆಳೆಸಿದ್ರೆ ಇನ್ನೂ ಚೆನ್ನಾಗಿ ಬರುತ್ತೆ. ಪಪ್ಪಾ ಹೇಳೋ ಅಂಥ ಶಟಲ್ ನೌಕೆಯಲ್ಲಿ ಮಾಡಿದ್ದಾರೆ."

ಮಗಳ ಮೈಗೆ, ಎಷ್ಟೋ ರೋಗಿಗಳ ಮೈಗೆ ಅದನ್ನು ಚುಚ್ಚಿದ ಕೈ ಆಂಟಿಯದು. ಅದರ ಮುಖವನ್ನು ನೋಡಿದ್ದು ಅದೇ ಮೊದಲು. ಅವರು ಕಣ್ಣು ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, "ದೇವ್ ಬರೆಂ ಕರುಂ," ಎಂದರು. ದೇವರು ಒಳ್ಳೆಯದು ಮಾಡಲಿ. ಕೊಂಕಣಿಯವರು ಕೃತಜ್ಞತೆ ಹೇಳುವುದೇ ಹಾಗೆ. ಅವರು ಅದನ್ನು ಯಾರಿಗೆ ಹೇಳಿದರೋ ತಿಳಿಯದು. ನಾನಂತೂ ಎಲ್ಲರಿಗೂ ಹೇಳಿಕೊಂಡೆ. ಬಾಗಿಲು ತೆರೆದ ಆ ಆಂಬುಲೆನ್ಸಿನವರಿಗೆ, ಈ ಔಷಧಿ ಕಂಡುಹಿಡಿದವರಿಗೆ, ಜಗಳವಾಡಿ ಮಗಳನ್ನು ಉಳಿಸಿಕೊಂಡ ಅಪ್ಪನಿಗೆ.

ಆಮೇಲೆ ಆಂಟಿ ಗಂಡನ ಕಡೆ ತಿರುಗಿದರು.

"ಬೇಗ ಹೋಗುವ ಮಾರಾಯ್ರೆ. ಅವಳ ಬಟ್ಟೆ ಎಲ್ಲ ಪುನಃ ಕಪಾಟಿನಲ್ಲಿ ಇಡ್ಬೇಕು."

ಅಂಕಲ್ ಕಿಟಕಿಯ ಕಡೆ ಮುಖ ಮಾಡಿ ಮಗುವಿನಂತೆ ಅತ್ತುಬಿಟ್ಟರು. ಸಂಜೆಯ ವಿಮಾನಕ್ಕೆ ನಾವು ಮೂವರೇ ಹೊರಟೆವು.